ಕೆಸುವಿನ ಕುಲಕ್ಕೆ ಒಂದು ಹೊಸ ಹೆಸರು

ಪಶ್ಚಿಮಘಟ್ಟದ ಇಂಥ ಕಣಿವೆಯಲ್ಲಿ, ಇಂಥ ಹೊಳೆಯ ದಂಡೆಯಲ್ಲಿ, ಇಂಥ ಕುಟುಂಬಕ್ಕೆ ಸೇರಿದ ಹೊಸ ಗಿಡವೊಂದನ್ನು ಸಸ್ಯವಿಜ್ಞಾನಿಗಳು ಪತ್ತೆಮಾಡಿದ್ದಾರೆ ಎಂಬ ಸುದ್ದಿ ಆಗಾಗ ವೃತ್ತಪತ್ರಿಕೆಯ ಒಂದು ಮೂಲೆಯಲ್ಲಿ ಕಾಣಿಸಿಕೊಳ್ಳುವುದುಂಟು. ಓದಿದವರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ಆ ಗಿಡವೇನು ನಿನ್ನೆ ಹುಟ್ಟಿತೆ? ಆ ಕಣಿವೆಯಲ್ಲಿ ದನ ಮೇಯಿಸುವವರು, ಸೊಪ್ಪು ಕಡಿಯುವವರು, ಮದ್ದಿನ ಬೇರು ಅಗೆಯುವವರು ಅದನ್ನು ತಲೆಮಾರುಗಳಿಂದ ತುಳಿದು, ಮುಟ್ಟಿ, ಬಹುಶಃ ಹೆಸರಿಟ್ಟು ಕರೆದು ಬಂದಿರಲಿಲ್ಲವೆ? ಹಾಗಿದ್ದರೆ ಇಲ್ಲಿ 'ಹೊಸತು' ಎಂದು ಹೇಳುವುದು ಯಾವುದನ್ನು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾನು ಕೆಸುವಿನ ಕುಟುಂಬವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಈ ಕುಟುಂಬ ನಮ್ಮ ಅಡುಗೆಮನೆಗೆ ಅಪರಿಚಿತವಲ್ಲ ಎಂಬುದು ಮೊದಲನೆಯದು. ಗಿಡಗಳಿಗೆ ಹೆಸರಿಡುವ ವ್ಯವಹಾರದಲ್ಲಿ ಮಂಗಳೂರಿಗೂ ಈ ಕುಟುಂಬಕ್ಕೂ ಒಂದು ಹಳೆಯ ಲೆಕ್ಕವಿದೆ ಎಂಬುದು ಎರಡನೆಯದು.

ಆಟಿ ತಿಂಗಳು ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಪತ್ರೊಡೆಯ ಪರಿಮಳವಿಲ್ಲದ ಮನೆ ವಿರಳ. ತುಳುವರು ತೇವು ಎನ್ನುವ ಕೆಸುವಿನ ಎಲೆ ಅದಕ್ಕೆ ಬೇಕು. ರುಚಿ ಬಲ್ಲವರು ಮರದ ಪೊಟರೆಗಳಲ್ಲಿ, ಕವಲುಗಳಲ್ಲಿ ಮಳೆಗಾಲಕ್ಕೆ ಮಾತ್ರ ಚಿಗುರುವ ಮರಕೆಸುವನ್ನೇ ಹುಡುಕಿ ತರುತ್ತಾರೆ. ತುಳುವಿನ ಕೇನೆ, ಅಂದರೆ ಸುವರ್ಣಗಡ್ಡೆ, ಇದೇ ಕುಟುಂಬದ್ದು. ಕೆರೆಯ ಮೇಲೆ ತೇಲುವ ಅಂತರಗಂಗೆಯೂ, ಪೇಟೆಯ ಮನೆಗಳ ಕಿಟಕಿಯಲ್ಲಿ ಬಾಟಲಿಯ ನೀರು ಕುಡಿದು ಬೆಳೆಯುವ ಮನಿಪ್ಲಾಂಟ್ ಬಳ್ಳಿಯೂ ಇದರ ನೆಂಟರೇ. ಹಸಿ ಕೆಸುವನ್ನು ಕಚ್ಚಿದವರ ನಾಲಗೆ ತುರಿಸುವುದೇಕೆ ಎಂದರೆ, ಅದರ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಕಟ್ಟುಕಟ್ಟಾಗಿ ಅಡಗಿರುತ್ತವೆ. ನಮ್ಮ ಹಿರಿಯ ಹೆಂಗಸರು ಸೂಕ್ಷ್ಮದರ್ಶಕವನ್ನು ಕಾಣದೆಯೇ ಈ ಸಂಗತಿಯನ್ನು ಅರಿತಿದ್ದರು. ಹುಣಸೆಹುಳಿ ಬೆರೆಸಿ, ಚೆನ್ನಾಗಿ ಬೇಯಿಸಿ, ತುರಿಕೆಯನ್ನು ತಗ್ಗಿಸಿದರು. ಜಗತ್ತಿನಲ್ಲಿ ಈ ಕುಟುಂಬದ 3,500ಕ್ಕೂ ಹೆಚ್ಚು ಪ್ರಭೇದಗಳು ಹೆಸರು ಪಡೆದಿವೆ. ನೀರಿನ ಮೇಲೆ ಹಸುರು ರವೆಯಂತೆ ಹರಡುವ, ಹೂಬಿಡುವ ಗಿಡಗಳಲ್ಲೆಲ್ಲ ಅತಿ ಚಿಕ್ಕದಾದ ವುಲ್ಫಿಯಾ ಇದರಲ್ಲಿದೆ; ಸುಮಾತ್ರದ ಕಾಡಿನಲ್ಲಿ ಆಳೆತ್ತರವನ್ನು ಮೀರಿ ನಿಲ್ಲುವ ದೈತ್ಯ ಹೂಗೊಂಚಲಿನ ಸುವರ್ಣಗಡ್ಡೆಯ ಬಂಧುವೂ ಇದರಲ್ಲಿಯೇ ಇದೆ. ಒಂದು ಕಾಲಕ್ಕೆ ಇದೇ ಮನೆತನದಲ್ಲಿದ್ದ ಬಜೆಯನ್ನು ಈಗ ಬೇರೆ ಕುಟುಂಬವಾಗಿ ಎಣಿಸುತ್ತಾರೆ.

ಈ ಕುಟುಂಬದ ಗುರುತು ಇರುವುದು ಹೂವಿನಲ್ಲಿ. ನಾವು ಹೂವೆಂದು ಕರೆಯುವುದು ನಿಜವಾಗಿ ಒಂದು ಹೂವಲ್ಲ. ನಡುವೆ ಒಂದು ದಿಂಡು. ಅದರ ಬುಡದಲ್ಲಿ ಸಣ್ಣ ಸಣ್ಣ ಹೆಣ್ಣು ಹೂಗಳು, ಅವುಗಳ ಮೇಲೆ ಗಂಡು ಹೂಗಳು. ಕೆಲವು ಜಾತಿಗಳಲ್ಲಿ ಅದರ ತುದಿಗೆ ಹೂವಿಲ್ಲದ ಒಂದು ಬೋಳು ಭಾಗ. ಇದೆಲ್ಲವನ್ನೂ ಸುತ್ತಿಕೊಂಡು ಹೆಡೆಯಂತೆಯೋ ಕುಪ್ಪಿಯಂತೆಯೋ ನಿಂತ ಬಣ್ಣದ ಎಲೆಯೊಂದು ಇರುತ್ತದೆ. ಸುವರ್ಣಗಡ್ಡೆಯ ಹೂ ಅರಳಿದಾಗ ಕೊಳೆತ ಮಾಂಸದ ನಾತ ಹಿತ್ತಲನ್ನೆಲ್ಲ ತುಂಬುವುದು ಹಳ್ಳಿಯವರಿಗೆ ಗೊತ್ತು. ಆ ನಾತವನ್ನು ದೂರಕ್ಕೆ ಬೀಸುವುದಕ್ಕಾಗಿ ದಿಂಡು ತಾನೇ ಬಿಸಿಯಾಗುತ್ತದೆ. ಕೆಸುವಿನ ಕುಟುಂಬದ ಹೂವಿನಲ್ಲಿ ಇಂತಹ ಕಾವು ಹುಟ್ಟುವುದನ್ನು ಫ್ರಾನ್ಸಿನ ಲಾಮಾರ್ಕ್ 1778ರಲ್ಲಿಯೇ ಗಮನಿಸಿ ಬರೆದ. ಹೆಣ್ಣು ಹೂಗಳು ಮೊದಲು ಪಕ್ವವಾಗುತ್ತವೆ, ಗಂಡು ಹೂಗಳು ಪರಾಗವನ್ನು ಬಿಡುವುದು ಆಮೇಲೆ. ನಾತಕ್ಕೆ ಮರುಳಾಗಿ ಬಂದ ನೊಣವೋ ಜೀರುಂಡೆಯೋ ಬುಡದಲ್ಲಿ ತಂಗಿ, ಹೊರಡುವಾಗ ಮೈತುಂಬ ಪರಾಗವನ್ನು ಹೊತ್ತು ಇನ್ನೊಂದು ಹೂವಿಗೆ ಹೋಗುತ್ತದೆ. ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವ ಲಕ್ಷಣಗಳೆಲ್ಲ ಈ ದಿಂಡಿನ ವಿನ್ಯಾಸದಲ್ಲಿ, ಅಂದರೆ ಹೆಣ್ಣು ಹೂಗಳ ಸಾಲು ಎಷ್ಟು, ನಡುವೆ ಅಂತರವಿದೆಯೇ, ತುದಿಯ ಭಾಗ ಎಷ್ಟು ಉದ್ದ ಎಂಬಂತಹ ಸೂಕ್ಷ್ಮಗಳಲ್ಲಿ ಅಡಗಿವೆ.

ಇನ್ನು ಹೆಸರಿನ ವಿಷಯ. ಹೆಸರು ದಾಖಲೆಯಾಗುವುದೆಂದರೆ ಏನೆಂಬುದಕ್ಕೆ ಕದ್ರಿಯಲ್ಲಿಯೇ ಒಂದು ನಿದರ್ಶನವಿದೆ. ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡದ ಮಂಗಳೂರಿಗರು ಕಡಿಮೆ. ಅಂತಹ ಸುಂದರ ಮೂರ್ತಿಗಳು ನಾಡಿನಲ್ಲಿ ಇನ್ನೂ ಎಷ್ಟೋ ಇದ್ದಿರಬೇಕು. ಆದರೆ ಈ ಮೂರ್ತಿಯ ಪೀಠದಲ್ಲಿ ಒಂದು ಸಂಸ್ಕೃತ ಶಾಸನವಿದೆ. ಆಳುಪ ದೊರೆ ಕುಂದವರ್ಮನು ಕದಿರಿಕಾ ಎಂಬ ಹೆಸರಿನ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದು ಹೇಳುತ್ತದೆ, ಕಲಿವರ್ಷವನ್ನೂ ಕೊಡುತ್ತದೆ, ಲೆಕ್ಕಹಾಕಿದರೆ ಅದು ಕ್ರಿ.ಶ. 968. ಇಂಥದ್ದು, ಇಂಥ ಸ್ಥಳದಲ್ಲಿ, ಇಂಥ ವರ್ಷ, ಇಂಥವನಿಂದ ಎಂಬ ನಾಲ್ಕು ಮಾತುಗಳು ಆ ಲೋಹದ ಮೇಲೆ ಇದ್ದುದರಿಂದಲೇ ಒಂದು ಸಾವಿರ ವರ್ಷಗಳ ತರುವಾಯವೂ ವಿದ್ವಾಂಸರು ಆ ಮೂರ್ತಿಯನ್ನು ಆಧಾರವಾಗಿಟ್ಟುಕೊಂಡು ಬೇರೆ ಮೂರ್ತಿಗಳ ಕಾಲವನ್ನು ಅಳೆಯಬಲ್ಲರು. ಸಸ್ಯವಿಜ್ಞಾನದಲ್ಲಿ ಹೊಸ ಪ್ರಭೇದದ ವರ್ಣನೆ ಮಾಡುವ ಕೆಲಸವೂ ಇದಕ್ಕೆ ಸಮೀಪವಾದುದು. ಒಂದು ಗಿಡವನ್ನು ಆರಿಸಿ, ಒಣಗಿಸಿ, ಅದು ಸಿಕ್ಕ ಸ್ಥಳ, ದಿನ, ತೆಗೆದವರ ಹೆಸರು ಇವುಗಳನ್ನು ಬರೆದು ಸಂಗ್ರಹಾಲಯದಲ್ಲಿ ಇಡುತ್ತಾರೆ. ಅದಕ್ಕೆ ಆದಿಮಾದರಿ ಎಂದು ಹೆಸರು. ಹೆಸರು ಶಾಶ್ವತವಾಗಿ ಅಂಟಿಕೊಳ್ಳುವುದು ಆ ಒಂದು ಗಿಡಕ್ಕೆ. ಮಿಕ್ಕ ಗಿಡಗಳೆಲ್ಲ ಅದರೊಡನೆ ಹೋಲಿಕೆಯಾಗುವುದರಿಂದ ಆ ಹೆಸರನ್ನು ಪಡೆಯುತ್ತವೆ.

ಮಂಗಳೂರಿನ ಹಳೆಯ ಲೆಕ್ಕವೆಂದೆನಲ್ಲ, ಅದನ್ನು ಈಗ ನೋಡಬಹುದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕದ್ರಿಯಿಂದ ಹೆಚ್ಚು ದೂರವಿಲ್ಲದ ಬಲ್ಮಠ ಅವರ ನೆಲೆಯಾಯಿತು. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನೂ, 1894ರಲ್ಲಿ ಇಲ್ಲಿಯೇ ಅಚ್ಚಾದ ಕಿಟ್ಟೆಲ್ ನಿಘಂಟನ್ನೂ ಸಾಹಿತ್ಯಪ್ರಿಯರು ಬಲ್ಲರು. ಅದೇ ಮಿಷನ್ನಿನ ಇನ್ನೊಬ್ಬ ಪಾದ್ರಿ ಮೆಟ್ಸ್ ಎಂಬಾತ ಇನ್ನೊಂದು ಬಗೆಯ ನಿಘಂಟಿಗೆ ಸಾಮಗ್ರಿ ಕೂಡಿಸುತ್ತಿದ್ದನೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಆತ ಕೆನರಾದಲ್ಲಿಯೂ ನೀಲಗಿರಿಯಲ್ಲಿಯೂ ಗಿಡಗಳನ್ನು ಆಯ್ದು, ಒತ್ತಿ ಒಣಗಿಸಿ, ಜರ್ಮನಿಗೆ ಕಳುಹಿಸಿದ. ಅಲ್ಲಿ ಅವುಗಳನ್ನು ಕಟ್ಟುಮಾಡಿ, ಅಚ್ಚಾದ ಚೀಟಿ ಅಂಟಿಸಿ, ಯುರೋಪಿನ ಸಂಗ್ರಹಾಲಯಗಳಿಗೆ ಮಾರಿದವನು ಹೊಹೆನಾಕರ್. ಈತ ಹುಟ್ಟಿದ್ದು 1798ರಲ್ಲಿ, ತೀರಿಕೊಂಡದ್ದು 1874ರಲ್ಲಿ. ಕಾಕಸಸ್ ಪ್ರಾಂತದಲ್ಲಿ ವೈದ್ಯನಾಗಿ ದುಡಿದು ಹಿಂತಿರುಗಿದ್ದ ಈ ಹೊಹೆನಾಕರ್ ಭಾರತದ ನೆಲವನ್ನು ಮೆಟ್ಟಿದವನೇ ಅಲ್ಲ. ಆದರೂ ಇಂದಿಗೂ ಲಂಡನ್ನಿನ ಕ್ಯೂ ಮೊದಲಾದ ಸಂಗ್ರಹಾಲಯಗಳಲ್ಲಿ ನಮ್ಮ ಕರಾವಳಿಯ ಒಣಗಿಡದ ಹಾಳೆಯನ್ನು ತೆಗೆದು ನೋಡಿದರೆ ಅದರ ಮೇಲೆ ಕಾಣುವುದು ಅವನ ಹೆಸರು.

ಅಂತಹ ಗಿಡಗಳಲ್ಲಿ ಒಂದು ಸುವರ್ಣಗಡ್ಡೆಯ ಜಾತಿಯದು, ಚಿಕ್ಕ ಕಾಡುಗಿಡ. ಅದು ವಿಯೆನ್ನಾದ ಶಾಟ್ ಎಂಬ ಪಂಡಿತನ ಕೈಸೇರಿತು. ಶಾಟ್ ಆಸ್ಟ್ರಿಯದ ಚಕ್ರವರ್ತಿಯ ಶ್ಯೋನ್‌ಬ್ರುನ್ ಉದ್ಯಾನಗಳ ನಿರ್ದೇಶಕ. ಕೆಸುವಿನ ಕುಟುಂಬವೊಂದನ್ನೇ ಜೀವನದ ವ್ಯಾಸಂಗವಾಗಿ ಮಾಡಿಕೊಂಡವನು. ನಾವು ಪತ್ರೊಡೆ ಮಾಡುವ ಮರಕೆಸುವಿಗೆ ರೆಮುಸೇಷಿಯ ಎಂಬ ಜಾತಿನಾಮವನ್ನು ಕೊಟ್ಟವನೂ ಅವನೇ. ಚೀನೀ ಭಾಷೆಯ ಹೆಸರಾಂತ ಫ್ರೆಂಚ್ ವಿದ್ವಾಂಸ ಅಬೆಲ್ ರೆಮುಸಾನ ಗೌರವಕ್ಕಾಗಿ ಇಟ್ಟ ಹೆಸರದು. ಮರಕೆಸುವನ್ನು ಕೊಯ್ದು ತರುವ ನಮ್ಮವರಿಗೆ ಚೀನೀ ವ್ಯಾಕರಣದ ಗೊಡವೆ ಎಲ್ಲಿಯದು! ಅದು ಹಾಗಿರಲಿ. ಶಾಟ್ 1858ರಲ್ಲಿ ನಮ್ಮ ಕಾಡುಗಿಡಕ್ಕೆ ಹೊಹೆನಾಕರನ ಹೆಸರನ್ನಿಟ್ಟು, ಅದನ್ನು ಒಂದು ಹೊಸ ಜಾತಿಯೆಂದೇ ಪ್ರಕಟಿಸಿದ. 1911ರಲ್ಲಿ ಬರ್ಲಿನ್ನಿನ ಎಂಗ್ಲರ್ ಮತ್ತು ಗೆಹರ್‌ಮನ್ ಅದನ್ನು ಸುವರ್ಣಗಡ್ಡೆಯ ಜಾತಿಗೆ ವರ್ಗಾಯಿಸಿದರು. ಅಂದಿನಿಂದ ಅದು ಅಮಾರ್ಫೊಫ್ಯಾಲಸ್ ಹೊಹೆನಾಕೆರಿ. ಭಾರತದ ನೈಋತ್ಯ ಭಾಗದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದು ಸಹಜವಾಗಿ ಬೆಳೆಯುವುದಿಲ್ಲ.

ಈ ಹೆಸರಿನೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಗಮನಿಸಬೇಕು. ಮಾರಿದವನಿದ್ದಾನೆ, ಬಿಸಿಲಿನಲ್ಲಿ ಅಲೆದು ಆಯ್ದ ಮೆಟ್ಸ್ ಇಲ್ಲ. ಮೆಟ್ಸನಿಗೆ ದಾರಿ ತೋರಿಸಿದವರು, ಗಡ್ಡೆ ಅಗೆದವರು, ಇದು ತುರಿಸುತ್ತದೆ ಎಂದು ಎಚ್ಚರಿಸಿದವರು ಯಾರೇ ಇದ್ದಿರಲಿ, ಅವರಂತೂ ಎಲ್ಲಿಯೂ ಇಲ್ಲ. ಆದರೆ ಅದಕ್ಕೂ ನೂರೈವತ್ತು ವರ್ಷಗಳಿಗೂ ಹಿಂದೆ ಕೊಚ್ಚಿಯಲ್ಲಿ ಬೇರೆ ಮಾರ್ಗವೊಂದು ತೋರಿತ್ತು. ಡಚ್ಚರ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ 'ಹೊರ್ಟುಸ್ ಮಲಬಾರಿಕುಸ್' ಗ್ರಂಥದಲ್ಲಿ ಗಿಡಗಳ ಮಲಯಾಳಂ ಹೆಸರಿನ ಜೊತೆಗೆ ನಾಗರಿ ಲಿಪಿಯಲ್ಲಿ ಕೊಂಕಣಿ ಹೆಸರುಗಳೂ ಇವೆ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರು ತಮ್ಮ ತಮ್ಮ ಮಾತಿನಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳನ್ನು ಗ್ರಂಥದಲ್ಲಿಯೇ ಅಚ್ಚುಹಾಕಲಾಗಿದೆ. ಸುವರ್ಣಗಡ್ಡೆ ಅದರಲ್ಲಿ 'ಚೇನ' ಎಂಬ ಮಲಯಾಳಂ ಹೆಸರಿನಲ್ಲಿಯೇ ಸೇರಿದೆ. ನಮ್ಮ ತೋಡುಗಳ ಬದಿಯಲ್ಲಿ ಉದ್ದನೆಯ ಎಲೆಬಿಟ್ಟು ನಿಲ್ಲುವ ಲಗೆನಾಂಡ್ರ ಎಂಬ ನೀರುಗಿಡ 'ಕರಿಂಪೊಳ' ಎಂದು ಸೇರಿದೆ. 1753ರಲ್ಲಿ ಲಿನೇಯಸ್ ಆ ನೀರುಗಿಡಕ್ಕೆ ಲ್ಯಾಟಿನ್ ಹೆಸರು ಕೊಟ್ಟದ್ದು ಈ ಗ್ರಂಥದ ಚಿತ್ರವನ್ನು ಆಧರಿಸಿಯೇ. ಹೀಗಿರುವಾಗ, ಊರಿನವರು ಬಲ್ಲ ಗಿಡವನ್ನು 'ಪತ್ತೆಮಾಡಿದೆವು' ಎನ್ನುವ ಮಾತಿಗೆ ಒಂದು ಮಿತಿಯಿದೆ. ಪತ್ತೆಯಾಗುವುದು ಗಿಡವಲ್ಲ, ಇದುವರೆಗೆ ವಿವರಣೆ ಪಡೆದ ಯಾವ ಗಿಡದೊಡನೆಯೂ ಇದು ಕೂಡುವುದಿಲ್ಲ ಎಂಬ ತಿಳಿವಳಿಕೆ. ಊರಿನ ಅನುಭವ ಎಷ್ಟೇ ಆಳವಾಗಿದ್ದರೂ ಅದು ಆ ಊರಿನದು. ತನ್ನ ಕಣಿವೆಯ ಗಿಡ ಮುಂದಿನ ಹತ್ತು ಕಣಿವೆಗಳಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಒಬ್ಬ ಗೋಪಾಲಕ ಹೇಳಲಾರ. ಅದನ್ನು ಹೇಳುವುದಕ್ಕೆ ಹೋಲಿಕೆಯ ಶಾಸ್ತ್ರವೇ ಬೇಕು.

ಆ ಹೋಲಿಕೆ ಎಷ್ಟು ಕಷ್ಟದ್ದೆಂಬುದನ್ನು ಕೆಸುವಿನ ಕುಟುಂಬ ಚೆನ್ನಾಗಿ ಕಲಿಸುತ್ತದೆ. ಸುವರ್ಣಗಡ್ಡೆಯ ಜಾತಿಯ ಅನೇಕ ಗಿಡಗಳಲ್ಲಿ ಹೂವು ಬರುವುದು ಮೊದಲ ಮಳೆಗೆ. ಎಲೆ ಏಳುವುದು ಹೂವು ಬಾಡಿದ ಮೇಲೆ. ಹೂವನ್ನು ನೋಡಿದವನು ಎಲೆಯನ್ನು ಕಾಣಲಿಲ್ಲ, ಎಲೆಯನ್ನು ಕಂಡವನು ಹೂವನ್ನು ಬಲ್ಲನಲ್ಲ ಎಂಬ ಸ್ಥಿತಿ. ಆದ್ದರಿಂದ ಗಡ್ಡೆಯನ್ನೇ ತಂದು ಕುಂಡದಲ್ಲಿ ನೆಟ್ಟು, ಮರುವರ್ಷದವರೆಗೆ ಕಾದು, ಎರಡನ್ನೂ ನೋಡಬೇಕಾಗುತ್ತದೆ. ದಿಂಡು ನೀರು ತುಂಬಿದ್ದು. ಒತ್ತಿ ಒಣಗಿಸಿದರೆ ಬಣ್ಣ ಹೋಗಿ, ಆಕಾರ ಕೆಟ್ಟು, ಕಂದು ಬಣ್ಣದ ಚಕ್ಕೆಯಾಗಿ ಉಳಿಯುತ್ತದೆ. ವಾಸನೆಯಂತೂ ಒಣಗಿದ ಹಾಳೆಯಲ್ಲಿ ಇರುವುದೇ ಇಲ್ಲ. ಆದಕಾರಣ ಗಿಡ ಹಸಿಯಾಗಿರುವಾಗಲೇ ಅಳತೆ, ಬಣ್ಣ, ನಾತಗಳನ್ನು ಬರೆದಿಟ್ಟುಕೊಂಡು, ಹೂವನ್ನು ಮದ್ಯಸಾರದಲ್ಲಿ ಮುಳುಗಿಸಿಡಬೇಕು. ಲಗೆನಾಂಡ್ರವನ್ನೂ ಅದರ ಹತ್ತಿರದ ನೆಂಟನಾದ ಕ್ರಿಪ್ಟೊಕೊರೈನ್ ಎಂಬ ಇನ್ನೊಂದು ಹೊಳೆಗಿಡವನ್ನೂ ಹೂವಿಲ್ಲದ ಕಾಲದಲ್ಲಿ ಬೇರ್ಪಡಿಸುವ ಉಪಾಯ ಎಷ್ಟು ನವಿರಾದದ್ದು ನೋಡಿ. ಸುಳಿ ಬಿಚ್ಚುವ ಮೊದಲು ಲಗೆನಾಂಡ್ರದ ಎಲೆಯ ಎರಡು ಅಂಚುಗಳೂ ನಡುನರದ ಕಡೆಗೆ ಸುರುಳಿಯಾಗಿರುತ್ತವೆ. ಕ್ರಿಪ್ಟೊಕೊರೈನಿನ ಎಲೆಯಾದರೋ ಒಂದು ಅಂಚಿನಿಂದ ಇನ್ನೊಂದಕ್ಕೆ, ಚಾಪೆ ಸುತ್ತಿದಂತೆ, ಒಂದೇ ಸುರುಳಿ.

ಹೀಗೆ ಬರೆದುಕೊಂಡದ್ದನ್ನು ಹತ್ತಿರದ ಎಲ್ಲ ಪ್ರಭೇದಗಳ ಆದಿಮಾದರಿಗಳೊಡನೆ ಹೋಲಿಸಿ, ಭೇದಗಳನ್ನು ಸ್ಪಷ್ಟವಾಗಿ ಹೇಳಿ, ಚಿತ್ರಸಹಿತ ಪ್ರಕಟಿಸಬೇಕು. 1935ರಿಂದ 2011ರವರೆಗೆ ಹೊಸ ಗಿಡದ ವಿವರಣೆ ಲ್ಯಾಟಿನ್ನಿನಲ್ಲಿ ಇರಲೇಬೇಕೆಂಬ ನಿಯಮವಿತ್ತು. 2012ರಿಂದ ಇಂಗ್ಲಿಷಿನಲ್ಲಿ ಬರೆದರೂ ಸಲ್ಲುತ್ತದೆ. 1958ರಿಂದ ಈಚೆಗೆ ಆದಿಮಾದರಿಯನ್ನು ಸೂಚಿಸದ ಹೆಸರಿಗೆ ಮಾನ್ಯತೆಯಿಲ್ಲ.

ಆದಿಮಾದರಿಗೆ ಇಷ್ಟು ಮಹತ್ವವೇಕೆ ಎಂಬುದನ್ನು ಯುದ್ಧವೊಂದು ತೋರಿಸಿಕೊಟ್ಟಿತು. ಎಂಗ್ಲರನ ಪರಂಪರೆಯ ಬರ್ಲಿನ್ ಸಂಗ್ರಹಾಲಯ 1943ರ ಮಾರ್ಚ್ ತಿಂಗಳ ಬಾಂಬುದಾಳಿಯಲ್ಲಿ ಉರಿದುಹೋಯಿತು. ವಿಯೆನ್ನಾದಲ್ಲಿದ್ದ ಶಾಟನ ಕೆಸುವಿನ ಸಂಗ್ರಹವೂ ಎರಡನೆಯ ಮಹಾಯುದ್ಧದ ಕೊನೆಗೆ ನಾಶವಾಯಿತು. ಆದರೆ ಶಾಟ್ ತನ್ನ ಚಿತ್ರಕಾರರಿಂದ ಬರೆಸಿಟ್ಟಿದ್ದ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳು ಉಳಿದವು. ಅವನು ಹೆಸರಿಟ್ಟ ಗಿಡ ಯಾವುದೆಂದು ಇಂದು ವಾದ ಹುಟ್ಟಿದರೆ, ಅನೇಕ ಸಲ ಆ ಚಿತ್ರಗಳೇ ಸಾಕ್ಷಿ ನುಡಿಯಬೇಕು. ಹಾಳೆ ಸುಟ್ಟುಹೋದರೂ ಗಿಡ ನೆಲದಲ್ಲಿ ಇರುವವರೆಗೆ ಇನ್ನೊಂದು ಮಾದರಿಯನ್ನು ತರಬಹುದು. ಹಾಳೆಯೂ ಇಲ್ಲ, ನೆಲವೂ ಇಲ್ಲ ಎಂದಾದರೆ ಹೆಸರು ಬರಿಯ ಶಬ್ದವಾಗಿ ಉಳಿಯುತ್ತದೆ.

ನಮ್ಮ ಕಾಲದಲ್ಲಿ ಈ ಕೆಲಸ ನಮ್ಮವರ ಕೈಗೇ ಬಂದಿದೆ ಎಂಬುದು ಸಂತೋಷದ ವಿಷಯ. 1976ರಲ್ಲಿ ಬೆಂಗಳೂರಿನ ಫಾದರ್ ಸಲ್ಡಾನ್ಹ ಅವರೂ, ಕೆಸುವಿನ ಕುಟುಂಬದ ತಜ್ಞರಾದ ಅಮೆರಿಕದ ಡಾನ್ ನಿಕೊಲ್ಸನ್ ಅವರೂ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ ಹೊರಬಂದಿತು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಶಿವದಾಸನ್ ಅವರು ದಕ್ಷಿಣ ಭಾರತದ ಸುವರ್ಣಗಡ್ಡೆಯ ಜಾತಿಯನ್ನು ಅಭ್ಯಸಿಸಿ, ಹೊಸದೊಂದಕ್ಕೆ ಅದೇ ನಿಕೊಲ್ಸನ್ನರ ಹೆಸರನ್ನಿಟ್ಟರು. ಕೊಲ್ಹಾಪುರದ ಯಾದವ್ ಮತ್ತು ಸಂಗಡಿಗರು 1993ರಲ್ಲಿ ಹಾವಿನ ಹೆಡೆಯಂಥ ಹೂವಿನ ಅರಿಸೀಮ ಜಾತಿಯ ಒಂದಕ್ಕೆ ಸಹ್ಯಾದ್ರಿಯ ಹೆಸರನ್ನಿಟ್ಟರು; 1994ರಲ್ಲಿ ಯಾದವ್ ಅವರೂ ಸೇರಿ ಹೆಸರಿಸಿದ ಕಾಡು ಸುವರ್ಣಗಡ್ಡೆಯೊಂದಕ್ಕೆ ಕೊಂಕಣದ ಹೆಸರು ಬಂದಿತು. ವ್ಯಕ್ತಿಯ ಬದಲು ನೆಲವನ್ನು ನೆನೆಯುವ ಈ ಪದ್ಧತಿ ಮೆಚ್ಚತಕ್ಕದ್ದು. ಉಡುಪಿಯ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಉಡುಪಿಯ ಸಸ್ಯಸಂಪತ್ತಿನ ಗ್ರಂಥವನ್ನೂ, ಅನಂತರ ದಕ್ಷಿಣ ಕನ್ನಡದ್ದನ್ನೂ ಪ್ರಕಟಿಸಿ ನಮ್ಮ ಜಿಲ್ಲೆಗಳಿಗೆ ದೊಡ್ಡ ಉಪಕಾರ ಮಾಡಿದ್ದಾರೆ.

ಇಷ್ಟೆಲ್ಲ ಆದ ಮೇಲೂ ಒಂದು ಆತಂಕ ಉಳಿಯುತ್ತದೆ. ಕದ್ರಿಯೂ ಸೇರಿದಂತೆ ಮಂಗಳೂರಿನ ಸುತ್ತಲಿನ ಗುಡ್ಡಗಳೆಲ್ಲ ಮುರಕಲ್ಲಿನವು. ಮೇಲೆ ಬಂಡೆಯಂತೆ ಗಟ್ಟಿ, ಒಳಗೆ ಜೇನುಹುಟ್ಟಿನಂತೆ ತೂತು. ಮಳೆಯ ನೀರನ್ನು ಕುಡಿದು ಬುಡದಲ್ಲಿ ಒರತೆಯಾಗಿ ಬಿಡುವುದು ಅವುಗಳ ಸ್ವಭಾವ. ಮಾರ್ಚ್ ತಿಂಗಳಲ್ಲಿ ಇಂತಹ ಗುಡ್ಡವನ್ನು ಹತ್ತಿ ನೋಡಿದರೆ ಸುಟ್ಟ ಹುಲ್ಲು, ಕಾದ ಕಲ್ಲು; ಬೇರೇನೂ ಇಲ್ಲ. ದಾಖಲೆಯಲ್ಲಿ ಅದು ಬಂಜರು, ಪರಂಬೋಕು. ಅಳತೆಗೆ, ಸಮೀಕ್ಷೆಗೆ ಬರುವವರು ಒಣ ಹವೆಯನ್ನು ನೋಡಿಯೇ ಬರುವುದರಿಂದ, ಅಲ್ಲಿ ಉಳಿಸಿಕೊಳ್ಳತಕ್ಕದ್ದು ಏನೂ ಇಲ್ಲವೆಂದು ಅವರು ಬರೆದರೆ ಅದು ಅವರ ಕಣ್ಣಿಗೆ ಸುಳ್ಳಲ್ಲ. ಆದರೆ ಕೆಸುವಿನ ಕುಟುಂಬದ ಗಡ್ಡೆಗಿಡಗಳು ವರ್ಷದಲ್ಲಿ ಏಳೆಂಟು ತಿಂಗಳು ಮಲಗಿರುವುದು ಇಂಥ ನೆಲದ ಸಂದುಗಳಲ್ಲಿಯೇ. ಮೇ ತಿಂಗಳ ಕೊನೆಯ ಒಂದೆರಡು ಮಳೆ ಬಿದ್ದಾಗ ಅವು ಹೂವನ್ನು ಎತ್ತುತ್ತವೆ, ಕೆಲವೇ ದಿನ. ಆ ದಿನಗಳಲ್ಲಿ ಅಲ್ಲಿಗೆ ಹೋಗದವನಿಗೆ ಅವು ಇಲ್ಲವೇ ಇಲ್ಲ. ಕಲ್ಲು ಕಡಿಯುವ ಯಂತ್ರಕ್ಕೆ, ಗುಡ್ಡದ ತಲೆ ಸವರಿ ಬಡಾವಣೆ ಮಾಡುವವರಿಗೆ ಉಳಿದ ಎಂಟು ತಿಂಗಳು ಸಾಕು. ಹೆಸರುಳ್ಳ ಗಿಡವಾದರೆ ಅಪಾಯದ ಪಟ್ಟಿಯಲ್ಲಿ ಸೇರಿಸಿ ಎನ್ನಬಹುದು. ಇಂಥದ್ದು ಇಲ್ಲಿದೆ ಎಂದು ಅರ್ಜಿಯಲ್ಲಿ ಕಾಣಿಸಬಹುದು. ಹೆಸರಿಲ್ಲದ್ದಕ್ಕೆ ಯಾವ ಪಟ್ಟಿಯಲ್ಲಿಯೂ ಸ್ಥಳವಿಲ್ಲ. ಅದು ಹೋದರೆ ಹೋಯಿತೆಂದು ಬರೆಯುವುದಕ್ಕೂ ಶಬ್ದ ಸಾಲದು.

ಸಾಮಾನ್ಯ ಜನರಾದ ನಾವು ಇದರಲ್ಲಿ ಏನು ಮಾಡಬಹುದು ಎಂದರೆ, ಮಾಡಬಹುದಾದ್ದು ಸಣ್ಣದು, ಆದರೆ ನಿರರ್ಥಕವಲ್ಲ. ಮೊದಲ ಮಳೆಯ ವಾರದಲ್ಲಿ ತಮ್ಮ ಊರಿನ ಗುಡ್ಡವನ್ನು ಒಮ್ಮೆ ಹತ್ತಿ ನೋಡುವುದು. ಹೆಡೆಯೆತ್ತಿದಂಥ ಹೂವು ಕಂಡರೆ ಕೀಳದೆ, ಸ್ಥಳವನ್ನೂ ದಿನವನ್ನೂ ಬರೆದಿಟ್ಟುಕೊಂಡು ಹತ್ತಿರದ ಕಾಲೇಜಿನ ಸಸ್ಯವಿಜ್ಞಾನದ ಅಧ್ಯಾಪಕರಿಗೆ ತಿಳಿಸುವುದು. ಅದಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರು ಆ ಗಿಡವನ್ನು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಏನೆಂದು ಕರೆಯುತ್ತಾರೆ, ಯಾವ ಉಪಯೋಗಕ್ಕೆ ತರುತ್ತಾರೆ ಎಂಬುದನ್ನು ಕೇಳಿ ಬರೆದಿಡುವುದು. ರಂಗಭಟ್ಟ, ಇಟ್ಟಿ ಅಚ್ಯುತನ್ ಮೊದಲಾದವರ ಮಾತಿಗೆ ವಾನ್ ರೀಡ್ ಕೊಟ್ಟ ಸ್ಥಾನವನ್ನು ಮುಂದಿನ ಹೊಸ ಹೆಸರಿನ ವಿವರಣೆಯಲ್ಲಿ ನಮ್ಮ ಅಜ್ಜಿಯರ ಮಾತಿಗೂ ಕೊಡಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಲ್ಯಾಟಿನ್ ಹೆಸರನ್ನು ವಿದ್ವಾಂಸರು ಇಡಲಿ. ಅದರ ಪಕ್ಕದಲ್ಲಿ ಬರೆಯತಕ್ಕ ಊರಿನ ಹೆಸರು ಇನ್ನೂ ಯಾರ ನಾಲಗೆಯ ಮೇಲಾದರೂ ಇದ್ದರೆ, ಅದನ್ನು ಈ ಮಳೆಗಾಲದಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು.